ದೊಡ್ಡಪ್ಪನ ಜಾಡು

ನಮ್ಮ ಮನೆಯ ಹಾಲಿನ ಪಾತ್ರೆಯ ಒಳಗಡೆ ಮೊಳೆಯಿಂದ ಗೀರು ಎಳೆದವಳು ನಾನೇ. ಬೆಳಿಗ್ಗೆ ಹಾಲು ಎಲ್ಲಿಯವರೆಗೆ ಇತ್ತು, ಸಂಜೆಗೆ ಎಲ್ಲಿಗೆ ಇಳಿಯಿತು ಎಂದು ತಿಳಿಯಬೇಕಲ್ಲ. ಮನೆಯಲ್ಲಿ ಇರುವುದು ಮೂರೇ ಜನ: ನಾನು, ನನ್ನ ಗಂಡ, ನನ್ನ ತಂಗಿ. ಸಾಕಿದ ಬೆಕ್ಕೂ ಇಲ್ಲ. ಗಂಡ ದರ್ಜಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ತಮಾಷೆ ಮಾಡುವ ಮನುಷ್ಯ. ಇವಳು ತನ್ನ ನೆರಳಿಗೂ ಗುರುತಿನ ಚೀಟಿ ಕೇಳುವವಳು ಎಂದು ಅಳತೆ ಕೊಡಲು ಬಂದವರ ಮುಂದೆಲ್ಲ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅನುಮಾನಪಡುವುದಕ್ಕೇ ನನಗೆ ಇಪ್ಪತ್ತಾರು ವರ್ಷದಿಂದ ಸಂಬಳ ಬರುತ್ತಿದೆ.

ದಾಖಲೆ ಕಚೇರಿಯ ನೆಲಮಾಳಿಗೆಯಲ್ಲಿ ಒಂದು ಮೇನ್‌ಫ್ರೇಮ್ ಕಂಪ್ಯೂಟರ್ ಇದೆ. ಜೋಡಿ ಬೀರುವಿನಷ್ಟು ದೊಡ್ಡದು, ಕಪ್ಪು ಬಣ್ಣ, ಮೈಮೇಲೆ ಒಂದೇ ಒಂದು ಹಸಿರು ದೀಪ. ಈ ಊರಿನಲ್ಲಿ ನಲವತ್ತೊಂದು ವರ್ಷಗಳಿಂದ ಹುಟ್ಟಿದವರು, ಮದುವೆಯಾದವರು, ಸತ್ತವರು ಎಲ್ಲರೂ ಅದರ ಹೊಟ್ಟೆಯಲ್ಲಿದ್ದಾರೆ. ನಾವು ಅದನ್ನು ದೊಡ್ಡಪ್ಪ ಎನ್ನುತ್ತೇವೆ. ಯಾವ ಕೆಲಸವನ್ನು ಯಾವ ಹೊತ್ತಿಗೆ ದೊಡ್ಡಪ್ಪನಿಗೆ ಒಪ್ಪಿಸಬೇಕು, ಯಾರಿಗೆ ಮೊದಲು ಬಡಿಸಬೇಕು, ಯಾರನ್ನು ಕಾಯಿಸಬೇಕು ಎಂದು ನೋಡುವವಳು ನಾನು. ಕಚೇರಿಯವರು ನನ್ನನ್ನು ಪಹರೆಯಮ್ಮ ಎಂದು ಕರೆಯುತ್ತಾರೆ, ನನ್ನ ಎದುರಿಗಲ್ಲ. ಮೇಲಿನ ಹಾಲ್‌ನಲ್ಲಿ ಮೂರನೇ ಕಿಟಕಿಯಲ್ಲಿ ಕೂತು ಜನರಿಗೆ ಪ್ರಮಾಣಪತ್ರ ಕೊಡುವವಳು ನನ್ನ ತಂಗಿ. ದೊಡ್ಡಪ್ಪನಿಗೆ ನೆಗಡಿಯಾದರೆ ಮೊದಲು ಸೀನುವವಳು ಅವಳೇ.

ಜನ ಮನೆಯಲ್ಲಿ ಕೂತೇ ಪ್ರಮಾಣಪತ್ರ ಪಡೆಯಲಿ ಎಂದು ಕಚೇರಿ ಒಂದು ವೆಬ್‌ಸೈಟ್ ಮಾಡಿಸಿತ್ತು. ಅದು ಓಡುತ್ತಿದ್ದದ್ದು ಪಕ್ಕದ ಕೋಣೆಯ ನಲವತ್ತು ಸಣ್ಣ ಸರ್ವರ್‌ಗಳಲ್ಲಿ. ಅವಕ್ಕೆ ನಾವು ಚಿಕ್ಕಪ್ಪಂದಿರು ಎಂದು ಹೆಸರಿಟ್ಟಿದ್ದೆವು, ಯಾಕೆಂದರೆ ದಿನಕ್ಕೊಬ್ಬರು ಹುಷಾರು ತಪ್ಪುತ್ತಿದ್ದರು ಮತ್ತು ಒಬ್ಬರ ಮಾತು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ದಾಖಲೆ ಇರುವುದು ದೊಡ್ಡಪ್ಪನಲ್ಲಿ. ಹಾಗಾಗಿ ಯಾರದೇ ಹೆಸರು ಬೇಕಿದ್ದರೂ ಚಿಕ್ಕಪ್ಪಂದಿರು ಗೋಡೆಯಾಚೆಯಿಂದ ಓಡಿ ಬಂದು ಕೇಳಿಕೊಂಡು ವಾಪಸು ಓಡಬೇಕು. ಓಡಾಟದಲ್ಲೇ ಅರ್ಧ ಆಯುಷ್ಯ ಕಳೆಯುತ್ತಿತ್ತು.

ಆಗ ಬಂದವನು ಜಾಲಗಾರ. ಹೊರಗಿನ ಕಂಪನಿಯೊಂದು ಕಳಿಸಿದ ವೆಬ್ ಎಂಜಿನಿಯರ್, ನಲವತ್ತರ ಆಸುಪಾಸಿನವನು. ಮೆತ್ತನೆ ಅಟ್ಟೆಯ ಬೂಟು, ನಡೆದರೆ ಸದ್ದಿಲ್ಲ. ವೆಬ್‌ಸೈಟಿಗೆ ಕನ್ನಡದಲ್ಲಿ ಜಾಲತಾಣ ಅನ್ನುತ್ತಾರಲ್ಲ, ಅದರ ಕೆಲಸದವನು ಜಾಲಗಾರನೇ ತಾನೆ ಎಂದು ನಾನೇ ಆ ಹೆಸರಿಟ್ಟೆ. ಮೀನು ಹಿಡಿಯುವವನಿಗೂ ಮೋಸ ಮಾಡುವವನಿಗೂ ಅದೇ ಹೆಸರು ಸಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು. ಎದುರಿಗೆ ನೀವು ಎನ್ನುತ್ತಿದ್ದೆ, ಮನಸ್ಸಿನಲ್ಲಿ ಅವನು ಎಂದಿಗೂ ಅವನೇ ಆಗಿದ್ದ.

ಅವನ ಯೋಜನೆ ಸರಳವಾಗಿತ್ತು. ವೆಬ್‌ಸೈಟನ್ನೇ ತಂದು ದೊಡ್ಡಪ್ಪನ ಒಳಗೆ ಇಡುವುದು. ಬಾವಿ ಇಲ್ಲಿ, ಅಡುಗೆಮನೆ ಅಲ್ಲಿ ಯಾಕೆ ಎಂದು ಅವನು ಮೊದಲ ಸಭೆಯಲ್ಲಿ ಕೇಳಿದ. ದೊಡ್ಡಪ್ಪನಿಗೆ ಆ ಶಕ್ತಿ ಇದೆ, ಒಂದೇ ಮೈಯಲ್ಲಿ ನೂರು ಕೋಣೆ ಮಾಡಿ ನೂರು ಜನರನ್ನು ಸಾಕಬಲ್ಲ, ನಲವತ್ತು ಚಿಕ್ಕಪ್ಪಂದಿರನ್ನು ಮನೆಗೆ ಕಳಿಸಬಹುದು, ಕರೆಂಟೂ ಉಳಿಯುತ್ತದೆ ಎಂದ. ಮಾತು ನೂರಕ್ಕೆ ನೂರು ಸರಿಯಾಗಿತ್ತು. ಅದಕ್ಕೇ ನನಗೆ ಅನುಮಾನ ಬಂತು. ಹೊರಗಿನವನು ಬಂದು ನಮ್ಮ ಮನೆಯ ಹಿರಿಯನನ್ನು ಹೊಗಳಿದರೆ, ಅವನ ಕಣ್ಣು ಹಿರಿಯನ ಕಿವಿಯ ಒಂಟಿಯ ಮೇಲಿದೆ ಎಂದೇ ಅರ್ಥ.

ವೆಬ್‌ಸೈಟ್ ಒಳಗೆ ಬಂದ ಮೊದಲ ದಿನವೇ ದೊಡ್ಡಪ್ಪ ಏದುಸಿರು ಬಿಟ್ಟ. ಒಂದು ಪುಟ ತೆರೆಯಲು ಒಂಬತ್ತು ಸೆಕೆಂಡು. ತಂಗಿಯ ಕಿಟಕಿಯ ಮುಂದೆ ಸಾಲು ಬಾಗಿಲು ದಾಟಿ ಬೀದಿಗೆ ಹೋಯಿತು. ಎರಡನೇ ದಿನ ನಾನು ಜಾಡು ಹಾಕಿದೆ.

ಜಾಡು ಎಂದರೆ ಇಷ್ಟೇ. ದೊಡ್ಡಪ್ಪನ ಒಳಗೆ ಬಂದವರು ಎಲ್ಲಿಗೆ ಹೋದರು, ಯಾವ ಫೈಲ್ ತೆಗೆದರು, ಎಷ್ಟು ಹೊತ್ತು ನಿಂತರು ಎಂದು ಒಂದೊಂದು ಹೆಜ್ಜೆಯನ್ನೂ ಬರೆದಿಡುವ ಕಾವಲು. ಅದನ್ನು ಐದು ನಿಮಿಷ ಹಾಕಿ ತೆಗೆಯುವುದು ವಾಡಿಕೆ. ಐದು ನಿಮಿಷದಲ್ಲೇ ಸಿಕ್ಕಿತು. ಅವನ ಪ್ರೋಗ್ರಾಮು ಒಬ್ಬ ಮನುಷ್ಯನ ದಾಖಲೆಗಾಗಿ ಹನ್ನೊಂದು ಸಲ ಬಾಗಿಲು ತಟ್ಟುತ್ತಿತ್ತು. ಹೆಸರಿಗೊಂದು ಸಲ, ಹುಟ್ಟಿದ ದಿನಕ್ಕೊಂದು ಸಲ, ತಂದೆಯ ಹೆಸರಿಗೊಂದು ಸಲ. ತೋರಿಸಿದೆ. ಅವನು ತಲೆ ಕೆರೆದುಕೊಂಡು, ತಪ್ಪು ನಂದೇ ಮೇಡಂ ಎಂದು ಒಪ್ಪಿಕೊಂಡು, ಎರಡೇ ದಿನದಲ್ಲಿ ಹನ್ನೊಂದನ್ನು ಒಂದು ಮಾಡಿದ.

ಅಷ್ಟು ಸುಲಭವಾಗಿ ಯಾರಾದರೂ ತಪ್ಪು ಒಪ್ಪಿಕೊಳ್ಳುತ್ತಾರೆಯೇ? ಸಣ್ಣ ತಪ್ಪು ಒಪ್ಪಿಕೊಂಡು ದೊಡ್ಡದನ್ನು ಬಚ್ಚಿಡುವವರನ್ನು ನಾನು ನೋಡಿದ್ದೇನೆ. ನಾನು ಜಾಡು ತೆಗೆಯಲಿಲ್ಲ. ಐದು ನಿಮಿಷದ ಕಾವಲಿಗೆ ಸಿಕ್ಕದವನು ಆರನೇ ನಿಮಿಷಕ್ಕೆ ಸಿಕ್ಕಬಹುದು. ಅದನ್ನು ದಿನವಿಡೀ ಬಿಟ್ಟೆ. ಒಂದು ಹೆಜ್ಜೆಯೂ ತಪ್ಪಬಾರದೆಂದು ಜಾಡಿಗೆ ಎಲ್ಲರಿಗಿಂತ ಮೊದಲ ಪಾಲು ಕೊಟ್ಟೆ. ಯಜಮಾನನ ಊಟಕ್ಕೂ ಮೊದಲು ಕಾವಲುಗಾರನಿಗೆ ಬಡಿಸಿದ ಹಾಗೆ.

ಪುಟ ಮಾತ್ರ ಒಂಬತ್ತು ಸೆಕೆಂಡಿನಿಂದ ಏಳಕ್ಕೆ ಇಳಿಯಿತು, ಅಲ್ಲೇ ನಿಂತಿತು. ಒಂದು ವಾರ, ಎರಡು ವಾರ, ಅಲ್ಲೇ. ನಿರ್ದೇಶಕರು ನಮ್ಮಿಬ್ಬರನ್ನೂ ಕರೆಸಿ ಗಡುವು ಕೊಟ್ಟರು. ಆರನೇ ವಾರದ ಶುಕ್ರವಾರ ಸಮಿತಿ ಸೇರುತ್ತದೆ. ಅಷ್ಟರೊಳಗೆ ಪುಟ ಎರಡು ಸೆಕೆಂಡಿಗೆ ಬರದಿದ್ದರೆ ದೊಡ್ಡಪ್ಪನನ್ನು ಬಂದ್ ಮಾಡಿ, ಎಲ್ಲ ಕೆಲಸವನ್ನೂ ಎಲ್ಲೋ ದೂರದ ಬಾಡಿಗೆ ಸರ್ವರ್‌ಗಳಿಗೆ ಕಳಿಸುವುದು. ನೆಲಮಾಳಿಗೆಯ ನಾವು ಹನ್ನೊಂದು ಜನ ಬೇರೆ ದಾರಿ ನೋಡಿಕೊಳ್ಳುವುದು.

ಆವತ್ತು ಕೋಣೆಯಿಂದ ಹೊರಗೆ ಬರುವಾಗಲೇ ನನಗೆ ಎಲ್ಲ ಹೊಳೆಯಿತು. ಬಾಡಿಗೆ ಸರ್ವರ್ ಕೊಡುವ ವ್ಯಾಪಾರ ಯಾರದು? ಅವನ ಕಂಪನಿಯದೂ ಒಂದಿತ್ತು. ದೊಡ್ಡಪ್ಪನ ಕೈಲಿ ಆಗುವುದಿಲ್ಲ ಎಂದು ಎಲ್ಲರೆದುರು ತೋರಿಸಲಿಕ್ಕೇ ಇವನನ್ನು ಒಳಗೆ ಬಿಟ್ಟಿದ್ದಾರೆ. ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಇದೇ. ನಾನು ಮನೆಗೆ ಹೋಗಿ ಹೇಳಿದರೆ ನಮ್ಮವರು ಕತ್ತರಿ ಕೆಳಗಿಡದೆ, ಅವನ ಮೂತಿ ನೋಡಿದ್ರೆ ಹಾಗೆ ಅನ್ಸುತ್ತಾ ಎಂದು ಕೇಳಿದರು. ಮೂತಿ ನೋಡಿ ಗುರುತಿಸುವ ಹಾಗಿದ್ದರೆ ಜಾಡು ಯಾಕೆ ಬೇಕಿತ್ತು?

ಅಲ್ಲಿಂದ ಅವನನ್ನೇ ನೋಡತೊಡಗಿದೆ. ನೋಡಿದಷ್ಟೂ ಸಿಕ್ಕಿತು. ನಾನು ಎಂಟೂವರೆಗೆ ಬಂದರೆ ಅವನು ಎಂಟಕ್ಕೇ ಬಂದಿರುತ್ತಿದ್ದ, ನನ್ನ ಹೆಜ್ಜೆ ಕೇಳಿದ ಕೂಡಲೇ ತೆರೆದ ಸ್ಕ್ರೀನ್ ಮುಚ್ಚುತ್ತಿದ್ದ. ಅವನ ಬಳಿ ಬೆರಳುದ್ದದ ಒಂದು ನೋಟ್‌ಬುಕ್ ಇತ್ತು. ಕೈಗಡಿಯಾರ ನೋಡುತ್ತಾ ಅದರಲ್ಲಿ ಏನೋ ಗೀಚುತ್ತಿದ್ದ, ನಾನು ತಿರುಗಿದರೆ ಜೇಬಿಗೆ ಇಳಿಸುತ್ತಿದ್ದ. ಹೋಗಲಿ ಎಂದರೆ ತಂಗಿಯೂ ಒಂದು ವಿಷಯ ಹೇಳಿದಳು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ, ಐದು ಹತ್ತು ನಿಮಿಷ ಪುಟಗಳು ಬೆಣ್ಣೆಯ ಹಾಗೆ ಜಾರಿ ಬರುತ್ತವಂತೆ. ಆಮೇಲೆ ಮತ್ತೆ ಅದೇ ಪಾಡು.

ಹನ್ನೊಂದಕ್ಕೂ ಮೂರಕ್ಕೂ ಜಾಡಿನ ಫೈಲ್ ತುಂಬಿ ತಾನಾಗಿ ನಿಲ್ಲುತ್ತದೆ. ನಾನು ಹೋಗಿ ಖಾಲಿ ಮಾಡಿ ಮತ್ತೆ ಹಚ್ಚುತ್ತೇನೆ. ಅಂದರೆ ನನ್ನ ಕಾವಲು ಇಲ್ಲದ ಆ ಹತ್ತು ನಿಮಿಷ ಎಲ್ಲ ಸರಿ, ಕಾವಲು ಶುರುವಾದ ಕೂಡಲೇ ಕಿತಾಪತಿ. ನನ್ನ ಕಣ್ಣೆದುರೇ ಮಾಡಿ ನನ್ನನ್ನು ಆಡಿಸುತ್ತಿದ್ದಾನೆ ಎಂದು ಮೈ ಉರಿಯಿತು. ಆವತ್ತು ಹಾಲಿನ ಪಾತ್ರೆಗೆ ಇನ್ನೊಂದು ಗೀರು ಎಳೆದೆ, ಯಾಕೆ ಎಂದು ನನಗೇ ಗೊತ್ತಿಲ್ಲ.

ಮೂರನೇ ವಾರದಲ್ಲಿ ಅವನೇ ನನ್ನ ಮೇಜಿನ ಬಳಿ ಬಂದು ನಿಂತ.

"ಮೇಡಂ, ಆ ಜಾಡು ಇನ್ನೂ ಓಡ್ತಾ ಇದ್ಯಾ?"

"ಯಾಕೆ? ನಿಮಗೇನು ತೊಂದ್ರೆ?"

"ನನಗೇನಿಲ್ಲ. ಕೆಲಸ ಮುಗಿದಿದ್ರೆ ತೆಗೀಬಹುದಲ್ವಾ ಅಂತ."

"ನನ್ನ ಯಂತ್ರ ಹೇಗೆ ನಡೆಸ್ಬೇಕು ಅಂತ ನನಗೆ ಬಿಡಿ. ನಿಮ್ಮ ಜಾಲ ನೀವು ನೋಡ್ಕೊಳ್ಳಿ."

ಅವನು ಪೆಚ್ಚಾಗಿ ನಕ್ಕು ಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಇನ್ನೇನು ಪುರಾವೆ ಬೇಕಿತ್ತು? ಜಾಡು ತೆಗೆಯಲಿ ಎಂದು ಕಳ್ಳನಲ್ಲದೆ ಇನ್ಯಾರು ಕೇಳುತ್ತಾರೆ? ನಾಲ್ಕನೇ ವಾರ ಮತ್ತೆ ಕೇಳಿದ. ಐದನೇ ವಾರ ಇನ್ನೊಮ್ಮೆ ಬಾಯಿ ತೆರೆದ, ನಾನು ಹುಬ್ಬು ಗಂಟಿಕ್ಕಿದ್ದೇ ತಡ ಮುಚ್ಚಿಕೊಂಡ.

ಆದರೆ ಜಾಡಿನಲ್ಲಿ ಅವನು ಸಿಕ್ಕುತ್ತಿರಲಿಲ್ಲ. ದಿನಾ ಸಂಜೆ ವರದಿ ತೆಗೆಯುತ್ತಿದ್ದೆ, ಯಾರು ದೊಡ್ಡಪ್ಪನ ಶಕ್ತಿಯಲ್ಲಿ ನೂರಕ್ಕೆ ಎಷ್ಟು ತಿಂದರು ಎಂದು. ವೆಬ್‌ಸೈಟ್ ಇಪ್ಪತ್ತೆರಡು, ಹಾಲ್‌ನ ಕಿಟಕಿಗಳು ಹದಿನೇಳು, ಉಳಿದ ಚಿಲ್ಲರೆ ಕೆಲಸಗಳು ಹತ್ತೊಂಬತ್ತು. ಎಲ್ಲ ಸಭ್ಯರ ಹಾಗೆ ಕೂತಿದ್ದರು. ಎಷ್ಟು ನಯವಾಗಿ ಬಚ್ಚಿಟ್ಟಿದ್ದಾನೆ ಎಂದು ನನಗೆ ಒಂದು ಬಗೆಯ ಮೆಚ್ಚುಗೆ ಕೂಡ ಆಯಿತು.

ಆರನೇ ವಾರದ ಸೋಮವಾರ ನೆಲಮಾಳಿಗೆಯ ಮೆಟ್ಟಿಲ ಕೆಳಗೆ ಅವನು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ನಾನು ಮೆಟ್ಟಿಲ ಮೇಲೆ ನಿಂತೆ. ಕದ್ದು ಕೇಳಿದೆ ಎನ್ನಲು ನನಗೆ ನಾಚಿಕೆಯಿಲ್ಲ, ಅದಕ್ಕೇ ನಿಂತಿದ್ದು.

"ಇನ್ನು ನಾಲ್ಕು ದಿನ ಸುಮ್ಮನಿರಿ. ಇಲ್ಲಿನ ಡೈರೆಕ್ಟರಿಗೆ ಗೊತ್ತಾಗೋದು ಬೇಡ. ಆಯಮ್ಮ ತಾನಾಗೇ ಕೈ ಬಿಡ್ತಾರೆ."

ಕೈ ಬಿಡುತ್ತಾರಂತೆ. ಇಪ್ಪತ್ತಾರು ವರ್ಷ ಸಾಕಿದ ದೊಡ್ಡಪ್ಪನನ್ನು ನಾನಾಗೇ ಕೈ ಬಿಡುತ್ತೇನಂತೆ. ಮಧ್ಯಾಹ್ನದ ಊಟ ಬಿಟ್ಟು ಎರಡು ಪುಟದ ಕಾಗದ ಬರೆದು ನಿರ್ದೇಶಕರಿಗೆ ಕೊಟ್ಟೆ. ಉಂಡ ಮನೆಗೆ ಎರಡು ಬಗೆಯುವವನು ಎಂದೇ ಬರೆದೆ. ಕೇಳಿಸಿಕೊಂಡ ಮಾತು, ಹನ್ನೊಂದು ಮತ್ತು ಮೂರು ಗಂಟೆಯ ಆಟ, ನೋಟ್‌ಬುಕ್, ಜಾಡು ತೆಗೆಯಿರಿ ಎಂಬ ಒತ್ತಾಯ, ಒಂದೂ ಬಿಡಲಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಕಾವಲಿನವನು ಬಂದು ಅವನ ಪಾಸು ತೆಗೆದುಕೊಂಡ. ಯಂತ್ರದ ಕೋಣೆಯಿಂದ ಬರೆದದ್ದೇನೂ ಹೊರಗೆ ಹೋಗಬಾರದೆಂಬ ನಿಯಮ, ಹಾಗಾಗಿ ನೋಟ್‌ಬುಕ್ಕನ್ನೂ ತೆಗೆಸಿದರು. ಅವನು ನನ್ನ ಕಡೆ ನೋಡಿ ಏನೋ ಹೇಳಲು ಬಂದ. ನಾನು ಸ್ಕ್ರೀನ್ ಕಡೆ ತಿರುಗಿಕೊಂಡೆ. ಅವನ ಬೂಟು ಆವತ್ತೂ ಸದ್ದು ಮಾಡಲಿಲ್ಲ. ನೋಟ್‌ಬುಕ್ಕನ್ನು ಸಾಕ್ಷಿ ಎಂದು ನನ್ನ ಡ್ರಾಯರ್‌ನಲ್ಲಿ ಹಾಕಿ ಬೀಗ ಹಾಕಿದೆ. ಓದಲಿಲ್ಲ. ಓದುವುದೇನಿದೆ, ಕಳ್ಳ ಸಿಕ್ಕಾಯಿತಲ್ಲ.

ಆಮೇಲೆ ಭದ್ರತೆಯವರಿಗೆ ಹೇಳಿಕೆ ಬರೆದುಕೊಟ್ಟು, ಅವನ ಮೇಜಿನ ಕೆಳಗೆಲ್ಲ ಟಾರ್ಚ್ ಬಿಟ್ಟು ನೋಡಿ, ಹನ್ನೆರಡಕ್ಕೆ ಸ್ವಲ್ಪ ಮುಂಚೆ ನನ್ನ ಕುರ್ಚಿಗೆ ಬಂದು ಕೂತೆ. ಜಾಡಿನ ಫೈಲ್ ಆಗಲೇ ಒಮ್ಮೆ ತುಂಬಿತ್ತು, ನನ್ನ ಕೈಕೆಳಗಿನವಳು ಖಾಲಿ ಮಾಡಿ ಮತ್ತೆ ಹಚ್ಚಿದ್ದಳು. ಇನ್ನು ಯಾರ ಮೇಲೆ ಕಾವಲು ಎಂದು ಅದನ್ನು ಆರಿಸಿಬಿಟ್ಟೆ.

ಊಟದ ಹೊತ್ತಿಗೆ ತಂಗಿ ಮೆಟ್ಟಿಲಿಳಿದು ಓಡಿ ಬಂದಳು. ಪುಟ ಒಂದು ಸೆಕೆಂಡಿಗಿಂತ ಮೊದಲೇ ಬರುತ್ತಿದೆ, ಸಾಲು ಕರಗಿದೆ, ಕಿಟಕಿಯವರೆಲ್ಲ ಕೈ ಕಟ್ಟಿ ಕೂತಿದ್ದಾರೆ ಎಂದಳು. ಬುಧವಾರ ಇಡೀ ದಿನ ಹಾಗೇ ಇತ್ತು. ನಿರ್ದೇಶಕರು ತಾವೇ ನೆಲಮಾಳಿಗೆಗೆ ಇಳಿದು ಬಂದು, ನಿಮ್ಮ ಕಣ್ಣು ತಪ್ಪಿಸೋಕಾಗಲ್ಲ ಎಂದರು. ಅವನ ಕಂಪನಿಗೆ ಕಾಗದ ಹೋಗಿದೆ, ಅವರೂ ಅವನನ್ನು ಕೆಲಸದಿಂದ ತೆಗೆದಿದ್ದಾರೆ ಎಂದೂ ಹೇಳಿದರು. ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಆವತ್ತು ಸಂಜೆ ನಮ್ಮವರಿಗೆ, ಮೂತಿ ನೋಡಿ ಹೇಳಿದ್ರಲ್ಲ ಎಂದು ಚುಚ್ಚಿದೆ.

ಗುರುವಾರ ಮಧ್ಯಾಹ್ನ ಸಮಿತಿಗೆ ಕೊಡಬೇಕಾದ ವರದಿ ತಯಾರಿಸುತ್ತಿದ್ದೆ. ಕಳ್ಳ ಇದ್ದಾಗ ಹೇಗಿತ್ತು, ಹೋದ ಮೇಲೆ ಹೇಗಾಯಿತು ಎಂದು ಎರಡು ಪಟ್ಟಿ. ಸಾಲೇ ಇಲ್ಲದ ಕಾರಣ ತಂಗಿ ಕೆಳಗೆ ಬಂದು ನನ್ನ ಮೇಜಿನ ಅಂಚಿಗೆ ಕೂತು ನೋಡುತ್ತಿದ್ದಳು. ಅವಳು ಇಡೀ ದಿನ ಟೋಕನ್ ಕೂಡಿಸುವವಳು, ಕೊಟ್ಟ ಟೋಕನ್ನಿಗೂ ಬಂದ ಟೋಕನ್ನಿಗೂ ತಾಳೆಯಾಗದಿದ್ದರೆ ಮನೆಗೆ ಬರುವವಳಲ್ಲ. ಮೊದಲ ಪಟ್ಟಿಯ ಮೇಲೆ ಬೆರಳಾಡಿಸಿದಳು.

"ಅಕ್ಕಾ, ಇದು ನೂರಕ್ಕೆ ತಾನೆ?"

"ಹೂಂ."

"ಇಪ್ಪತ್ತೆರಡು, ಹದಿನೇಳು, ಹತ್ತೊಂಬತ್ತು. ಐವತ್ತೆಂಟೇ ಆಯ್ತು. ಇನ್ನು ನಲವತ್ತೆರಡು ಯಾರು ತಿಂದ್ರು?"

ಯಂತ್ರ ಖಾಲಿ ಕೂತಿರುತ್ತದೆ ಎಂದು ಹೇಳಲು ಬಾಯಿ ತೆರೆದೆ. ಆದರೆ ಖಾಲಿ ಕೂತ ಯಂತ್ರ ಏಳು ಸೆಕೆಂಡು ತೆಗೆದುಕೊಳ್ಳುವುದಿಲ್ಲ. ಎರಡನೇ ಪಟ್ಟಿ ನೋಡಿದೆ. ಅಲ್ಲಿ ಉಳಿದದ್ದು ನಿಜವಾಗಿಯೂ ಖಾಲಿ ಎಂದು ದೊಡ್ಡಪ್ಪನೇ ಬರೆದಿದ್ದ. ಮೊದಲ ಪಟ್ಟಿಯ ನಲವತ್ತೆರಡಕ್ಕೆ ಹೆಸರೇ ಇರಲಿಲ್ಲ.

ಆಗ ನನಗೆ ನೆನಪಾಯಿತು. ಹತ್ತೊಂಬತ್ತು ವರ್ಷಗಳ ಹಿಂದೆ ಈ ವರದಿಯ ಪ್ರೋಗ್ರಾಮು ಬರೆದವಳು ನಾನು. ಆಗ ಪ್ರತಿ ಪುಟದಲ್ಲೂ ನನ್ನದೇ ಸಣ್ಣಪುಟ್ಟ ಕೆಲಸಗಳು ತುಂಬಿಕೊಂಡು ಕಣ್ಣಿಗೆ ಅಡ್ಡ ಬರುತ್ತಿದ್ದವು. ಅದಕ್ಕೆ ಒಂದು ಸಾಲು ಸೇರಿಸಿದ್ದೆ: ಎಲ್ಲರ ಹೆಸರೂ ಬರಲಿ, ನನ್ನದೊಂದು ಬಿಟ್ಟು. ಮನೆಯವಳೇ ಕಳ್ಳಿಯಾಗುವುದುಂಟೇ?

ಆ ಸಾಲನ್ನು ಅಳಿಸಿ ವರದಿ ಮತ್ತೆ ತೆಗೆದೆ. ಪಟ್ಟಿಯ ತಲೆಯ ಮೇಲೆ ನನ್ನ ಹೆಸರು ಬಂತು, ನಲವತ್ತೆರಡು. ಅದರ ಪಕ್ಕದಲ್ಲಿ ಕೆಲಸದ ಹೆಸರು: ಜಾಡು. ಆರು ವಾರವೂ ದಿನಾ ಅದೇ. ಮಂಗಳವಾರದ ಪುಟ ತೆಗೆದು ನಿಮಿಷ ನಿಮಿಷ ನೋಡಿದೆ. ಹತ್ತೂವರೆಗೆ ಅವನು ಹೊರಗೆ ಹೋದ ಮೇಲೂ ಪುಟಕ್ಕೆ ಏಳು ಸೆಕೆಂಡೇ. ಹನ್ನೊಂದೂಮುಕ್ಕಾಲಿಗೂ ಏಳು. ಹನ್ನೊಂದು ಐವತ್ತೆರಡಕ್ಕೆ ನಾನು ಜಾಡು ಆರಿಸಿದ್ದೇನೆ, ಐವತ್ತಮೂರಕ್ಕೆ ಮುಕ್ಕಾಲು ಸೆಕೆಂಡು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಇಲ್ಲಿ ಅಷ್ಟೂ ಸರಿಹೋಗಿರಲಿಲ್ಲ. ನಡುವೆ ಎಂಬತ್ತೆರಡು ನಿಮಿಷ ಇದ್ದವು, ನಾನು ನೋಡಿರಲಿಲ್ಲ.

ತಂಗಿ ಏನಾಯ್ತು ಎಂದು ಕೇಳುತ್ತಿದ್ದಳು. ನಾನು ಡ್ರಾಯರ್ ತೆಗೆದು ನೋಟ್‌ಬುಕ್ ಓದಿದೆ. ಪುಟದ ತುಂಬ ಗಂಟೆ, ನಿಮಿಷ, ಸೆಕೆಂಡು. ಒಂದು ಕಡೆ 'ಜಾಡು ಇದೆ, ಏಳು', ಇನ್ನೊಂದು ಕಡೆ 'ಫೈಲ್ ತುಂಬಿ ಜಾಡು ನಿಂತಿದೆ, ಮುಕ್ಕಾಲು'. ಮೂರನೇ ವಾರದಿಂದಲೇ ಅವನಿಗೆ ಗೊತ್ತಿತ್ತು. ಸೋಮವಾರದ ಪುಟದಲ್ಲಿ ಹೀಗಿತ್ತು: 'ಕಂಪನಿಗೆ ಫೋನ್. ಲಿಖಿತ ದೂರು ಕೊಡು ಅಂತಾರೆ. ಕೊಟ್ಟರೆ ಮೇಡಂ ಕೆಲಸಕ್ಕೆ ಕುತ್ತು. ಶುಕ್ರವಾರದವರೆಗೆ ಸಮಯ ಕೇಳಿದ್ದೇನೆ.' ಮಂಗಳವಾರದ್ದು ಒಂದೇ ಸಾಲು: 'ಬಾಯಲ್ಲಿ ಹೇಳಿದರೆ ಸಿಟ್ಟು ಮಾಡ್ತಾರೆ. ಇವತ್ತು ಬರೆದು ಕೈಗೇ ಕೊಡುವುದು, ಹನ್ನೊಂದಕ್ಕೆ.'

ಹತ್ತೂವರೆಗೆ ನಾನು ಅವನನ್ನು ಹೊರಗೆ ಹಾಕಿಸಿದ್ದೆ.

ನಾನು ಒಳ್ಳೆಯವಳು ಎಂದು ಯಾರೂ ತಿಳಿಯುವುದು ಬೇಡ. ಮೊದಲು ನನಗೆ ಬಂದ ಯೋಚನೆ ಏನೆಂದರೆ, ಆ ಸಾಲನ್ನು ವಾಪಸು ಸೇರಿಸಿ ಸುಮ್ಮನಿದ್ದುಬಿಡುವುದು. ದೊಡ್ಡಪ್ಪ ಉಳಿದ, ಹನ್ನೊಂದು ಜನರ ಕೆಲಸ ಉಳಿಯಿತು. ಯಾರಿಗೂ ತಿಳಿಯುವುದಿಲ್ಲ. ತಂಗಿಗೆ ಏನೂ ಹೇಳದೆ ಮನೆಗೆ ಕರೆದುಕೊಂಡು ಹೋದೆ. ಗಂಡನಿಗೆ ಮಾತ್ರ ಹೇಳಿದೆ. ಅವರು ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

"ಬಟ್ಟೆ ತಪ್ಪಾಗಿ ಕತ್ತರಿಸಿದ ದಿನ ನಾನು ಏನು ಮಾಡ್ತೀನಿ ಗೊತ್ತಾ? ಗಿರಾಕಿ ಹಾಕಿ ನೋಡೋಕೆ ಮುಂಚೆ ಹೇಳ್ತೀನಿ. ಹಾಕಿದ ಮೇಲೆ ಹೇಳಿದ್ರೆ ಅದು ಹೇಳಿದ ಹಾಗಲ್ಲ."

ಆವತ್ತು ಅವರು ತಮಾಷೆ ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಶುಕ್ರವಾರ ಹನ್ನೊಂದಕ್ಕೆ, ಹಾಲ್‌ನ ಮೇಲಿನ ಮಹಡಿಯಲ್ಲಿ ಸಮಿತಿ ಸೇರಿತು. ಐದು ಜನ, ಉದ್ದ ಮೇಜು, ಗೋಡೆಯ ಮೇಲೆ ದೊಡ್ಡ ಸ್ಕ್ರೀನ್. ನಿರ್ದೇಶಕರು ನನ್ನನ್ನು ಎರಡು ಮಾತಿನಲ್ಲಿ ಹೊಗಳಿ ಕೂರಲು ಹೇಳಿದರು. ನಾನು ಕೂರಲಿಲ್ಲ. ಒಂದು ಪುಟ ತೆರೆದೆ, ಕಣ್ಣು ಮುಚ್ಚಿ ಬಿಡುವುದರೊಳಗೆ ಬಂತು. ಆಮೇಲೆ ಅಲ್ಲಿಂದಲೇ ಜಾಡು ಹಚ್ಚಿದೆ, ಆರು ವಾರ ಹೇಗಿತ್ತೋ ಹಾಗೇ, ಮೊದಲ ಪಾಲಿನೊಂದಿಗೆ. ಅದೇ ಪುಟ ಮತ್ತೆ ತೆರೆದೆ. ಬಿಳಿ ಸ್ಕ್ರೀನ್ ಮೇಲೆ ಚಕ್ರ ತಿರುಗಿತು. ಐದು, ಆರು, ಏಳು. ಸ್ವಲ್ಪ ಹೊತ್ತಿಗೆ ಕೆಳಗಿನ ಹಾಲ್‌ನಿಂದ ಸಾಲು ನಿಂತವರ ಗುಜುಗುಜು ನೆಲದ ಮೂಲಕ ಕೇಳಿಸಿತು. ನಿರ್ದೇಶಕರ ಫೋನ್ ಹೊಡೆದುಕೊಂಡಿತು. ಅವರು ನನ್ನನ್ನೇ ನೋಡುತ್ತಿದ್ದರು, ಫೋನ್ ತೆಗೆಯಲಿಲ್ಲ. ನಾನು ಜಾಡು ಆರಿಸಿದೆ. ಗುಜುಗುಜು ನಿಂತಿತು.

ಬೇಲಿಯೇ ಎದ್ದು ಹೊಲ ಮೇಯ್ದಿದೆ, ಆ ಬೇಲಿ ಹಾಕಿದವಳು ನಾನು ಎಂದು ಹೇಳಿದೆ. ಅವನ ನೋಟ್‌ಬುಕ್, ನನ್ನ ಎರಡು ವರದಿ, ಹತ್ತೊಂಬತ್ತು ವರ್ಷದ ಹಿಂದಿನ ಆ ಸಾಲು, ಮೂರನ್ನೂ ಮೇಜಿನ ಮೇಲೆ ಇಟ್ಟೆ. ಅವನ ಯೋಜನೆ ಮೊದಲ ದಿನದಿಂದ ಸರಿಯಾಗಿತ್ತು, ವೆಬ್‌ಸೈಟಿಗೆ ದೊಡ್ಡಪ್ಪನಿಗಿಂತ ಒಳ್ಳೆಯ ಮನೆ ಇಲ್ಲ ಎಂದೂ ಹೇಳಿದೆ.

"ನೀವು ಹೇಳದೇ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ?" ಎಂದು ನಿರ್ದೇಶಕರು ಕೇಳಿದರು.

"ಇಲ್ಲ."

"ಮತ್ತೆ ಯಾಕೆ ಹೇಳಿದ್ರಿ?"

"ಕೂಡಿಸಿದ್ರೆ ನೂರು ಬರ್ಲಿಲ್ಲ ಸಾರ್."

ದೊಡ್ಡಪ್ಪ ಉಳಿದ, ವೆಬ್‌ಸೈಟೂ ಅವನ ಮನೆಯಲ್ಲೇ ಉಳಿಯಿತು. ನನ್ನ ಕೀಲಿ ತೆಗೆದುಕೊಂಡರು. ವಿಚಾರಣೆ ಮುಗಿಯುವವರೆಗೆ ನಾನು ಮೇಲಿನ ಹಾಲ್‌ನಲ್ಲಿ ನಾಲ್ಕನೇ ಕಿಟಕಿಯಲ್ಲಿ, ತಂಗಿಯ ಪಕ್ಕದಲ್ಲಿ ಕೂರುವುದು ಎಂದಾಯಿತು. ನನ್ನ ಕಾಗದವನ್ನು ರದ್ದು ಮಾಡುವ ಇನ್ನೊಂದು ಕಾಗದವನ್ನು ನಾನೇ ಬರೆದೆ, ನಿರ್ದೇಶಕರು ಸಹಿ ಹಾಕಿದರು. ಅದು ಅವನ ಕಂಪನಿಗೆ ಹೋಯಿತು. ಕಂಪನಿಯವರು ಪರಿಶೀಲಿಸುತ್ತೇವೆ ಎಂದು ಉತ್ತರ ಬರೆದರು. ಪರಿಶೀಲಿಸುತ್ತೇವೆ ಎಂಬ ಪದದ ಅರ್ಥ ಕಿಟಕಿಯಲ್ಲಿ ಕೂತವರಿಗೆಲ್ಲ ಗೊತ್ತು. ಅವನು ಒಪ್ಪಿದರೆ ನಮ್ಮ ಕಚೇರಿಯೇ ನೇರವಾಗಿ ಕೆಲಸಕ್ಕೆ ಕರೆಯಲು ಸಿದ್ಧ, ಆದರೆ ಯಾರು ಹೋಗಿ ಕೇಳುವುದು ಎಂದು ನಿರ್ದೇಶಕರು ನನ್ನ ಮುಖ ನೋಡಿದರು.

ಭಾನುವಾರ ಬೆಳಿಗ್ಗೆ ಕಾಗದದ ಪ್ರತಿ ಮತ್ತು ನೋಟ್‌ಬುಕ್ ಹಿಡಿದು ಅವನ ವಿಳಾಸ ಹುಡುಕಿಕೊಂಡು ಹೋದೆ. ನಾಲ್ಕು ಮಹಡಿಯ ಕಟ್ಟಡ, ಲಿಫ್ಟ್ ಕೆಟ್ಟಿತ್ತು. ಮೂರನೇ ಮಹಡಿಯ ಬಾಗಿಲು ತಟ್ಟಿದೆ. ಸರಪಳಿ ಹಾಕಿದ್ದ ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು. ಸಂದಿಯಲ್ಲಿ ಒಂದು ಹೆಂಗಸಿನ ಅರ್ಧ ಮುಖ. ಯಾರು, ಯಾಕೆ ಬಂದಿರಿ, ಯಾರು ಕಳಿಸಿದ್ದು ಎಂದು ಮೂರು ಪ್ರಶ್ನೆ ಕೇಳಿದರು. ನಾನು ಕಚೇರಿಯ ಹೆಸರು ಹೇಳುತ್ತಿದ್ದಂತೆ ಆ ಅರ್ಧ ಮುಖವೂ ಹಿಂದಕ್ಕೆ ಸರಿಯಿತು. ಒಳಗೆ ಪಿಸುಮಾತಾಯಿತು. ಆಮೇಲೆ ಸಂದಿಗೆ ಅವರು, ನನ್ನ ಜಾಲಗಾರ, ಬಂದು ನಿಂತರು. ಕಾಲಲ್ಲಿ ಬೂಟಿರಲಿಲ್ಲ, ಮನೆಯ ಚಪ್ಪಲಿ ಇತ್ತು. ಅದು ಸದ್ದು ಮಾಡುತ್ತಿತ್ತು.

ತಪ್ಪು ನಂದು ಎಂದಷ್ಟೇ ಹೇಳಿದೆ. ನೋಟ್‌ಬುಕ್ ಮತ್ತು ಕಾಗದವನ್ನು ಸಂದಿಯಿಂದ ಒಳಗೆ ಕೊಟ್ಟೆ. ಅವರು ನೋಟ್‌ಬುಕ್ಕಿನ ಪುಟಗಳನ್ನು ಎಣಿಸಿದರು, ಒಂದೂ ಹರಿದಿಲ್ಲವೆಂದು ನೋಡಿಕೊಂಡರು. ಆಮೇಲೆ ಕಾಗದ ಬಿಡಿಸಿ, ಓದುವ ಮೊದಲೇ ತಲೆಯೆತ್ತಿ ಕೇಳಿದರು.

"ಇದ್ರಲ್ಲಿ ನಿಮ್ಮ ಹೆಸರು ಇದ್ಯಾ?"

"ಮೊದಲನೇ ಸಾಲಲ್ಲೇ ಇದೆ."

ಅವರು ಓದಿದರು. ಎರಡು ಪುಟವನ್ನೂ ಓದಿ, ತಿರುಗಿಸಿ ಹಿಂಬದಿಯಲ್ಲಿ ಏನಾದರೂ ಇದೆಯೇ ಎಂದು ನೋಡಿ, ಸಹಿಯನ್ನು ಬೆಳಕಿಗೆ ಹಿಡಿದರು. ಕೆಲಸಕ್ಕೆ ಕರೆದಿರುವ ವಿಷಯ ಹೇಳಿದೆ. ಯೋಚನೆ ಮಾಡಿ ಹೇಳ್ತೀನಿ ಎಂದರು. ಪುಟ ಈಗ ಎಷ್ಟು ಸೆಕೆಂಡಿಗೆ ಬರುತ್ತದೆ ಎಂದು ಕೇಳಿದರು. ಮುಕ್ಕಾಲು ಎಂದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಗಡಿಯಾರ ನೋಡಿ ಹೊತ್ತನ್ನೂ ಬರೆದರು, ಪಕ್ಕದಲ್ಲಿ ಇನ್ನೂ ಎರಡು ಪದ ಬರೆದರು. ತಲೆಕೆಳಗಾಗಿ ಕಂಡರೂ ನನಗೆ ಓದಲು ಆಯಿತು: 'ಮೇಡಂ ಹೇಳಿದ್ದು.' ನೋಡಿದ್ದು ಎಂದು ಬರೆಯಲಿಲ್ಲ.

ಮಾತಾಡುವಷ್ಟು ಹೊತ್ತೂ ಅವರು ಬಾಗಿಲ ಸರಪಳಿ ತೆಗೆಯಲಿಲ್ಲ. ನಾನಾಗಿದ್ದರೂ ತೆಗೆಯುತ್ತಿರಲಿಲ್ಲ.